ಹಲ್ಲು, ಕಚ್ಚು ಮತ್ತು ಒಂದು ಹಾಳೆಯ ದಪ್ಪ

ಹಳೆಯ ಮನೆಯ ಅಟ್ಟದ ಹಲಗೆಗಳ ಬಗ್ಗೆ ಹಿಂದೊಮ್ಮೆ ಇಲ್ಲಿ ಬರೆದಿದ್ದೆ. ಅದನ್ನು ಓದಿದ ಹಲವರು, ಅದರಲ್ಲೂ ನೆಂಟರು, "ಆ ಪೆಟ್ಟಿಗೆಗಳು ಏನಾದವು?" ಎಂದು ದೂರವಾಣಿಯಲ್ಲಿ ಕೇಳುತ್ತಲೇ ಇದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಂದಿಬ್ಬರು ಮರಗೆಲಸದ ಯಂತ್ರಗಳನ್ನು ಹೊಸದಾಗಿ ಕೊಂಡವರು, ಅವರ ಪ್ರಶ್ನೆ ಬೇರೆ: "ಸಾರ್, ರೌಟರ್ ಟೇಬಲ್ಲಿನಲ್ಲಿ ಬಾಕ್ಸ್ ಜಾಯಿಂಟ್ ಕೊರೆದರೆ ಒಂದು ಮೂಲೆ ಬಿಗಿ, ಇನ್ನೊಂದು ಸಡಿಲ. ಯಾಕೆ?" ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಥೆಯೊಳಗಿದೆಯಾದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇನೆ. ಸ್ವಲ್ಪ ಲೆಕ್ಕವೂ ಬರುತ್ತದೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಅದು ಹೊಸದಲ್ಲ.

ಮನೆಯನ್ನು ಇಳಿಸಿದಾಗ ನಾವು ಐವರು ಒಡಹುಟ್ಟಿದವರಿಗೆ ಹಂಚಿಕೆಯಾದ ವಸ್ತುಗಳ ಪಟ್ಟಿ ಉದ್ದವಾಗಿತ್ತು. ಆ ಸಂದರ್ಭದಲ್ಲಿ ಆಡಿದ ಮಾತುಗಳೆಲ್ಲ ಸವಿಯಾಗಿರಲಿಲ್ಲವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಓದುತ್ತಿರುವ ನೆಂಟರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಒಂದು ಹಿತ್ತಾಳೆ ಹಂಡೆಯ ಸಲುವಾಗಿ ಇಬ್ಬರ ನಡುವೆ ಮಾತು ನಿಂತು ಒಂದು ದೀಪಾವಳಿಯೇ ಕಳೆದುಹೋಯಿತು. ಯಾರೂ ಕೇಳದೆ ಉಳಿದದ್ದೆಂದರೆ ಅಟ್ಟದ ಹಲಸಿನ ಹಲಗೆಗಳು. ಉಪ್ಪಿನಕಾಯಿ ಭರಣಿಗಳನ್ನೂ ಮಳೆಗಾಲದ ಹಪ್ಪಳದ ಡಬ್ಬಗಳನ್ನೂ ಹೊತ್ತಿದ್ದ ಆ ಹಲಗೆಗಳ ಕೆಳಗೇ ನಾವು ಐವರೂ ಸಾಲಾಗಿ ಮಲಗಿ ಬೆಳೆದವರು. ಅಕ್ಕನ ಸೂಚನೆ ಇಷ್ಟೇ: ಅದರಿಂದ ಐದು ಪೆಟ್ಟಿಗೆ ಮಾಡಿಸಿ, ಐದೂ ಒಂದೇ ಸಮ ಇರಲಿ, ಅಮ್ಮ ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕದ ಪ್ರತಿಯೊಂದನ್ನು ಪ್ರತಿಯೊಬ್ಬರೂ ಅದರಲ್ಲಿಟ್ಟುಕೊಳ್ಳಲಿ. "ಒಂದೇ ಸಮ" ಎಂಬ ಮಾತನ್ನು ಅವಳು ಎರಡು ಸಲ ಹೇಳಿದಳು.

ಗೆದ್ದಲು ಹಿಡಿದ ಭಾಗವನ್ನೂ ಮೊಳೆ ಹೊಡೆದ ಅಂಚುಗಳನ್ನೂ ಕಳೆದು, ಉಜ್ಜಿ, 12 ಮಿಲಿಮೀಟರ್ ದಪ್ಪಕ್ಕೆ ತಂದಾಗ ಉಳಿದ ಮರ ಐದು ಪೆಟ್ಟಿಗೆಗಳ 20 ತುಂಡುಗಳಿಗೆ ಸರಿಹೋಯಿತು. ಮೇಲೆ ಉಳಿದದ್ದು ಒಂದು ಗೇಣುದ್ದದ ಚೂರು ಮಾತ್ರ. ತಳಕ್ಕೂ ಮುಚ್ಚಳಕ್ಕೂ ಬೇರೆ ಮರ. ಅಂದರೆ, ಒಂದು ತುಂಡು ಕೆಟ್ಟರೆ ಐದನೆಯ ಪೆಟ್ಟಿಗೆ ಇಲ್ಲ; ಐದನೆಯದು ಇಲ್ಲವೆಂದರೆ ಅದು ಯಾರಿಗಿಲ್ಲ ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

ಕೆಲಸಕ್ಕೆ ಮುಂದಾದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಎಂಜಿನಿಯರ್. ರೌಟರ್ ಒಂದನ್ನು ಕೊಂಡು, ಪ್ಲೈವುಡ್ಡಿನ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ಬಿಟ್ ಮಾತ್ರ ಮೇಲಕ್ಕೆ ಚಾಚಿಕೊಂಡಿರುವಂತೆ ಟೇಬಲ್ ಮಾಡಿಕೊಂಡಿದ್ದಾನೆ. ಅದನ್ನು ಕಾರಿನಲ್ಲಿ ಹೇರಿಕೊಂಡು ರಜೆಗೆ ನಮ್ಮ ಮನೆಗೆ ಬಂದ.

ಬಾಕ್ಸ್ ಜಾಯಿಂಟ್ ಎಂದರೇನೆಂದು ತಿಳಿಯದವರು ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ನೋಡಿದರೆ ಸಾಕು. ಒಂದು ಹಲಗೆಯ ತುದಿಯಲ್ಲಿ ಹಲ್ಲು, ಕಚ್ಚು, ಹಲ್ಲು, ಕಚ್ಚು ಎಂದು ಸಮನಾಗಿ ಕೊರೆಯುವುದು. ಇನ್ನೊಂದರಲ್ಲಿ ಕಚ್ಚಿನಿಂದ ಆರಂಭಿಸುವುದು. ಇದರ ಹಲ್ಲು ಅದರ ಕಚ್ಚಿನೊಳಗೆ ಕೂರುವುದು. ಅಂಟು ಹಿಡಿಯಲು ಇಷ್ಟೊಂದು ಮೈ ಸಿಗುವುದರಿಂದ ಮೂಲೆ ಬಲು ಗಟ್ಟಿ. ನಮ್ಮ ಶಾಲೆಯ ಪ್ರಯೋಗಾಲಯದ ಸೂಕ್ಷ್ಮದರ್ಶಕ ಇಂಥದೇ ಮೂಲೆಗಳ ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಎಷ್ಟು ಬ್ಯಾಚುಗಳು ಅದನ್ನು ಎತ್ತಿ ಕುಕ್ಕಿದರೂ ಅದರ ಮೂಲೆ ಬಿಡಲಿಲ್ಲ.

ನಮ್ಮ ಲೆಕ್ಕ ಹೀಗಿತ್ತು. ಬಿಟ್ಟಿನ ವ್ಯಾಸ ಕಾಲು ಇಂಚು, ಎಂದರೆ 6.35 ಮಿಲಿಮೀಟರ್. ಪೆಟ್ಟಿಗೆಯ ಎತ್ತರ ನಾಲ್ಕು ಇಂಚು, 101.6 ಮಿಲಿಮೀಟರ್, ಅದರಲ್ಲಿ ಎಂಟು ಹಲ್ಲು, ಎಂಟು ಕಚ್ಚು ಸರಿಯಾಗಿ ಕೂರುತ್ತವೆ. 20 ತುಂಡುಗಳಿಗೆ 40 ತುದಿ, ಪ್ರತಿ ತುದಿಗೆ 8 ಕಚ್ಚು: ಒಟ್ಟು 320 ಕಚ್ಚುಗಳು.

ಜಿಗ್ ಎಂಬ ಸಾಧನ ಕೆಲಸ ಮಾಡುವ ಬಗೆ ಸರಳ. ಮೇಜಿನ ಕಾಲುವೆಯಲ್ಲಿ ಹಿಂದೆಮುಂದೆ ಜಾರುವ ಒಂದು ಪೀಠ; ಅದಕ್ಕೆ ನೆಟ್ಟಗೆ ನಿಲ್ಲಿಸಿದ ಒಂದು ಬೆನ್ನುಹಲಗೆ; ಆ ಹಲಗೆಯಲ್ಲಿ ಬಿಟ್ಟಿನ ಬಲಕ್ಕೆ ಒಂದು ಸಣ್ಣ ಗೂಟ. ತುಂಡಿನ ಅಂಚನ್ನು ಗೂಟಕ್ಕೆ ತಾಗಿಸಿ ನಿಲ್ಲಿಸಿ ಮುಂದಕ್ಕೆ ತಳ್ಳಿದರೆ ಮೊದಲ ಕಚ್ಚು. ಆ ಕಚ್ಚನ್ನು ಎತ್ತಿ ಗೂಟದ ಮೇಲೆ ಕೂರಿಸಿ ತಳ್ಳಿದರೆ ಎರಡನೆಯದು. ಹೀಗೆ ಪ್ರತಿ ಕಚ್ಚೂ ಮುಂದಿನದಕ್ಕೆ ತಾನೇ ಅಳತೆಗೋಲು. ಇಲ್ಲಿ ಗಮನಿಸಬೇಕಾದದ್ದು ಎರಡೇ ಅಳತೆ. ಕಚ್ಚಿನ ಅಗಲವನ್ನು ಬಿಟ್ಟು ನಿರ್ಧರಿಸುತ್ತದೆ. ಹಲ್ಲಿನ ಅಗಲವನ್ನು ಬಿಟ್ಟಿಗೂ ಗೂಟಕ್ಕೂ ನಡುವಿನ ಅಂತರ ನಿರ್ಧರಿಸುತ್ತದೆ. ಎರಡೂ ಒಂದಾದರೆ ಕೂಡಿಕೆ ಕೂರುತ್ತದೆ. ಅಂತರ ಹೆಚ್ಚಾದರೆ ಹಲ್ಲು ದಪ್ಪ, ಬಿಗಿ. ಕಡಿಮೆಯಾದರೆ ಹಲ್ಲು ಸಣ್ಣ, ಸಡಿಲ. ಮಿಕ್ಕ ತೊಂದರೆಗಳೆಲ್ಲ ಈ ಎರಡರಲ್ಲಿ ಒಂದನ್ನು ಅಲುಗಾಡಿಸುವಂಥವು.

ಹಲಸನ್ನು ಮುಟ್ಟುವ ಮೊದಲು ಸಿಲ್ವರ್ ಓಕ್ ತುಂಡುಗಳಲ್ಲಿ ಪರೀಕ್ಷೆ. ಅದೇ ದಪ್ಪ, ಅದೇ ಅಗಲ. ಮೊದಲ ಜೋಡಿ ಕೊರೆದು ಕೂಡಿಸಹೊರಟಾಗ ವಿಚಿತ್ರ ಕಂಡಿತು. ಮೂರು ಹಲ್ಲುಗಳು ಕೊಡತಿಯ ಪೆಟ್ಟಿಲ್ಲದೆ ಇಳಿಯವು. ಎರಡು ಗಲಗಲ ಅಲ್ಲಾಡುತ್ತವೆ. ಅಳಿಯ ಬಿಟ್ಟನ್ನು ಶಂಕಿಸಿದ. ಗೂಟವನ್ನು ಒಂದು ಚೂರು ಒಳಕ್ಕೆ ಸರಿಸಿದ. ಬಿಗಿ ಇದ್ದವು ಸರಿಯಾದವು, ಸಡಿಲ ಇದ್ದವು ಮತ್ತಷ್ಟು ಸಡಿಲ. ಹೊರಕ್ಕೆ ಸರಿಸಿದ; ಬಿಗಿ ಇದ್ದವು ಇಳಿಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಲ್ವರ್ ಓಕಿನ ರಾಶಿ ಬಿದ್ದಿತ್ತು. ಅವನ ಮುಖ ಮರದ ಹೊಟ್ಟಿನಿಂದ ಹಳದಿಯಾಗಿತ್ತು.

"ಮಾವ, ಈ ಬಿಟ್ಟೇ ಸರಿಯಿಲ್ಲ ಅನ್ನಿಸುತ್ತೆ. ಬೇರೆ ತರಿಸಿಬಿಡ್ಲಾ?" ಎಂದ.

"ತರಿಸುವ ಮೊದಲು ಅಳೆ," ಎಂದೆ.

ವರ್ನಿಯರ್ ಕ್ಯಾಲಿಪರ್ ನನ್ನ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಇರುತ್ತದೆ. ಪಿಯೆರ್ ವರ್ನಿಯೆ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ಪ್ರಕಟಿಸಿದ ಆ ಜಾರುವ ಅಳತೆಪಟ್ಟಿಯ ಉಪಾಯವನ್ನು ಕಲಿಸಿದಷ್ಟು ಸಂತೋಷದಿಂದ ನಾನು ಇನ್ನಾವ ಪಾಠವನ್ನೂ ಕಲಿಸಿಲ್ಲ. ಶಾಲೆಯಲ್ಲಿದ್ದುದರ ಕನಿಷ್ಠ ಅಳತೆ 0.1 ಮಿಲಿಮೀಟರ್, ನನ್ನಲ್ಲಿರುವುದರದು 0.02. ಶೂನ್ಯ ದೋಷ ನೋಡಿಕೊಂಡು, ರೌಟರಿನ ಪ್ಲಗ್ ಕಿತ್ತು (ಬಿಟ್ಟಿನ ಹತ್ತಿರ ಬೆರಳು ಹೋಗುವುದಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಲೇಬೇಕು), ಒಂದೊಂದಾಗಿ ಅಳೆದು ಹಾಳೆಯ ಮೇಲೆ ಬರೆದೆವು. ಬಿಟ್ಟು 6.35, ದೋಷವಿಲ್ಲ. ಕೊರೆದ ಕಚ್ಚು 6.40, ತಿರುಗುವ ಬಿಟ್ಟು ತನ್ನ ಗಾತ್ರಕ್ಕಿಂತ ಕೂದಲಷ್ಟು ಹೆಚ್ಚು ಕೊರೆಯುವುದು ಸಹಜ. ಎಂಟು ಕಚ್ಚುಗಳೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಲ್ಲುಗಳು? 6.06ರಿಂದ 6.44ರವರೆಗೆ ಮನಬಂದಂತೆ ಹರಡಿಕೊಂಡಿದ್ದವು.

ಕಚ್ಚು ಸ್ಥಿರ, ಹಲ್ಲು ಚಂಚಲ. ಅಂದಮೇಲೆ ಬಿಟ್ಟು ನಿರಪರಾಧಿ; ಗೂಟದ ಕಡೆಯೇ ನೋಡಬೇಕು. ಗೂಟವನ್ನು ಅಳೆದೆವು: 6.00. ಪೇಟೆಯಲ್ಲಿ ಸಿಕ್ಕ ಉಕ್ಕಿನ ಸರಳಿನ ತುಂಡು ಅದು, ಆರು ಮಿಲಿಮೀಟರಿನದು. ಬಿಟ್ಟು ಇಂಚಿನ ಲೆಕ್ಕದ್ದು, ಗೂಟ ಮಿಲಿಮೀಟರಿನ ಲೆಕ್ಕದ್ದು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈ ಎರಡು ಕುಲಗಳು ಒಂದೇ ಡಬ್ಬದಲ್ಲಿ ಕೂಡಿ ಬಾಳುತ್ತವೆ. ಕಣ್ಣಿಗೆ ಎರಡೂ ಒಂದೇ. (ಕಾಲೆಟ್ಟಿನ ವಿಷಯದಲ್ಲಿ ಈ ಗೊಂದಲ ಅಪಾಯಕಾರಿಯೂ ಹೌದು. ಕಾಲು ಇಂಚಿನ ಕಾಲೆಟ್ಟಿಗೆ ಆರು ಮಿಲಿಮೀಟರಿನ ಬಿಟ್ಟು ಬಿಗಿದರೆ, ನಿಮಿಷಕ್ಕೆ 20,000 ಸುತ್ತು ತಿರುಗುವಾಗ ಅದು ಜಾರಿ ಮೇಲೇಳಬಹುದು.)

ಈಗ ಯೋಚಿಸಿ. 6.40ರ ಕಚ್ಚು 6.00ರ ಗೂಟದ ಮೇಲೆ ಕೂತರೆ 0.40 ಮಿಲಿಮೀಟರ್ ಆಟ ಉಳಿಯುತ್ತದೆ. ತುಂಡನ್ನು ಬಲಕ್ಕೆ ಒತ್ತಿ ಹಿಡಿದು ಬಿಗಿದರೆ ಹಲ್ಲಿನ ಮೈ ಗೂಟಕ್ಕೆ ತಾಗುತ್ತದೆ. ಹಲ್ಲು ಪೂರ್ಣ ಅಗಲ ಬರುತ್ತದೆ. ಎಡಕ್ಕೆ ಸರಿದು ಕೂತರೆ ಕಚ್ಚಿನ ಆಚೆಯ ಗೋಡೆ ಗೂಟಕ್ಕೆ ತಾಗುತ್ತದೆ, ಹಲ್ಲು 0.40ರಷ್ಟು ಸಣ್ಣದಾಗುತ್ತದೆ. 6.44ರಲ್ಲಿ 0.40 ಕಳೆದರೆ 6.04. ನಾವು ಅಳೆದ ಹಲ್ಲುಗಳೆಲ್ಲ ಈ ಎರಡು ಮೇರೆಗಳ ನಡುವೆಯೇ ಇದ್ದವಲ್ಲ! ಕಾಗದದ ಮೇಲೆ ಈ ಕಳೆಯುವ ಲೆಕ್ಕ ಬರೆದು ತೋರಿಸಿದಾಗ ಅಳಿಯ ಒಂದು ಕ್ಷಣ ಸುಮ್ಮನಿದ್ದು, "ಇದು ನನಗೆ ಹೊಳೀಬೇಕಿತ್ತು ಮಾವ," ಎಂದ. ಇಪ್ಪತ್ತು ವರ್ಷ ಎಂಜಿನಿಯರ್ ಆಗಿರುವವನಿಗೆ ಕಷ್ಟದ ಲೆಕ್ಕಗಳೇ ಮೊದಲು ಹೊಳೆಯುವುದು ಸಹಜ.

ಸಣ್ಣ ಗೂಟವಿದ್ದರೂ ನಡೆಯುತ್ತದೆ, ಪ್ರತಿ ಸಲವೂ ತುಂಡನ್ನು ಬಲಕ್ಕೇ ಒತ್ತಿ ಹಿಡಿದರಾಯಿತು ಎಂದು ವಾದಿಸುವವರಿದ್ದಾರೆ. ತಾತ್ತ್ವಿಕವಾಗಿ ಅದು ಸರಿ. ಮೇಜಿನಡಿಯ ರೌಟರ್ ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುವುದರಿಂದ, ನಾವು ಮುಂದಕ್ಕೆ ತಳ್ಳುವ ತುಂಡನ್ನು ಅದು ಬಲಕ್ಕೇ ದೂಡುತ್ತದೆ. ಗೂಟ ಬಲಗಡೆ ಇದ್ದರೆ ಯಂತ್ರವೇ ನಮಗೆ ಸಹಾಯಕ. ಆದರೆ ಅಳಿಯ ತುಂಡನ್ನು ಕ್ಲ್ಯಾಂಪಿನಿಂದ ಬಿಗಿದು ಆಮೇಲೆ ತಳ್ಳುತ್ತಿದ್ದ. ಬಿಗಿಯುವ ಕ್ಷಣದಲ್ಲಿ ಅದು ಎಲ್ಲಿ ಕೂತಿತೋ ಅಲ್ಲಿಯೇ ಸೆರೆ. 320 ಸಲವೂ ಮನುಷ್ಯನ ಕೈ ಒಂದೇ ಕಡೆಗೆ ಒತ್ತೀತೆಂದು ನಂಬುವ ಧೈರ್ಯ ನನಗಿಲ್ಲ.

ಹಾಗಾಗಿ ಹೊಸ ಗೂಟ. ಸಾಗುವಾನಿಯ ಚಕ್ಕೆಯೊಂದನ್ನು ಉಜ್ಜುತ್ತ, ಪರೀಕ್ಷೆಯ ಕಚ್ಚಿನೊಳಗೆ ಹಾಕಿ ನೋಡುತ್ತ, ಕೈಯಲ್ಲಿ ಒತ್ತಿದರೆ ಜಾರಿ, ತಲೆಕೆಳಗೆ ಮಾಡಿದರೆ ಬೀಳದಷ್ಟು ಆದಾಗ ನಿಲ್ಲಿಸಿದೆವು. ವರ್ನಿಯರ್ 6.38 ಎಂದಿತು, ಆದರೆ ಇಲ್ಲಿ ಸಂಖ್ಯೆಗಿಂತ ಕಚ್ಚೇ ಪ್ರಮಾಣ.

ಹೊಸ ಗೂಟದೊಂದಿಗೆ ಕೊರೆದಾಗ ಎಂಟೂ ಹಲ್ಲುಗಳು 6.48 ಬಂದವು. ಎಂಟೂ ಬಿಗಿ! ಅಳಿಯನಿಗೆ ನಿರಾಶೆಯಾಯಿತು, ನನಗೆ ಸಂತೋಷ. ಯಾದೃಚ್ಛಿಕ ದೋಷಕ್ಕೂ ವ್ಯವಸ್ಥಿತ ದೋಷಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದಕ್ಕೆ ಗೂಟವನ್ನು ಅತ್ತಿತ್ತ ಸರಿಸುವುದು ಮದ್ದಲ್ಲ, ಅದರ ಮೂಲವನ್ನೇ ಕೀಳಬೇಕು. ಎರಡನೆಯದನ್ನು ಒಂದೇ ಸಲದ ಕಳೆಯುವ ಲೆಕ್ಕದಿಂದ ತೀರಿಸಬಹುದು. ಬೆಳಗಿನಿಂದ ಅವನು ಮೊದಲನೆಯ ರೋಗಕ್ಕೆ ಎರಡನೆಯದರ ಔಷಧಿ ಕೊಡುತ್ತಿದ್ದ.

ಎಷ್ಟು ಸರಿಸಬೇಕು? ವ್ಯತ್ಯಾಸದ ಅರ್ಧ ಸಾಕೆಂದು ಅವನ ಅಂದಾಜು. ಅಲ್ಲ. ಗೂಟ ಸರಿದಷ್ಟೂ ಹಲ್ಲು ಮಾತ್ರ ಬದಲಾಗುತ್ತದೆ, ಕಚ್ಚು ಬದಲಾಗದು. ಆದ್ದರಿಂದ ಪೂರ್ಣ ವ್ಯತ್ಯಾಸವನ್ನೂ ಸರಿಸಬೇಕು: 6.48ರಲ್ಲಿ 6.40 ಕಳೆದು 0.08, ಮೇಲೆ ಅಂಟಿಗೆ ಜಾಗವೆಂದು ಇನ್ನೊಂದು 0.07. ಒಟ್ಟು 0.15 ಮಿಲಿಮೀಟರ್. ಸುತ್ತಿಗೆಯಿಂದ ತಟ್ಟಿ ಇಷ್ಟನ್ನು ಸಾಧಿಸಲಾಗದು. ಅದಕ್ಕೆ ಕಾಗದವಿದೆ. ನಾವು ಬರೆಯಲು ಬಳಸುವ 80 ಜಿಎಸ್ಎಂ ಹಾಳೆಯ ದಪ್ಪ ಸುಮಾರು 0.1, ಸೆಲ್ಲೋ ಟೇಪಿನದು ಸುಮಾರು 0.05. ಬೆನ್ನುಹಲಗೆ ಸರಿಯಬೇಕಾದ ದಿಕ್ಕಿನಲ್ಲಿ, ಅದರ ತುದಿಗೆ ಟೇಪು ಅಂಟಿಸಿದ ಹಾಳೆಯ ಚೂರೊಂದನ್ನು ಇಟ್ಟು, ಅದಕ್ಕೆ ಒತ್ತಿ ಒಂದು ಮರದ ತುಂಡನ್ನು ಪೀಠಕ್ಕೆ ಬಿಗಿದೆವು. ಬೆನ್ನುಹಲಗೆಯ ಸ್ಕ್ರೂ ಸಡಿಲಿಸಿ, ಹಾಳೆಯನ್ನು ಎಳೆದು ತೆಗೆದು, ಹಲಗೆಯನ್ನು ಆ ತುಂಡಿಗೆ ತಾಗುವವರೆಗೆ ತಳ್ಳಿ, ಮತ್ತೆ ಬಿಗಿದೆವು. ಮುಂದಿನ ಜೋಡಿ ಕೈಯ ಒತ್ತಡಕ್ಕೇ ಕೂತಿತು.

ಹಲ್ಲೊಂದನ್ನೇ ಅಳೆಯಲು ಕಷ್ಟವಾದರೆ ಬೇರೆ ದಾರಿಯೂ ಇದೆ. ಲೋಲಕದ 20 ಆಂದೋಲನಗಳ ಕಾಲವನ್ನು ಅಳೆದು 20ರಿಂದ ಭಾಗಿಸುತ್ತಿದ್ದೆವಲ್ಲ, ಹಾಗೆ. ಉಕ್ಕಿನ ಸ್ಕೇಲಿನಿಂದ ಎಂಟು ಜೋಡಿ ಹಲ್ಲುಕಚ್ಚುಗಳ ಒಟ್ಟು ಉದ್ದವನ್ನು ಅಳೆದು ಎಂಟರಿಂದ ಭಾಗಿಸಿ. ನಮ್ಮ ಲೆಕ್ಕದಲ್ಲಿ 101.6 ಇರಬೇಕಾದದ್ದು 102.8 ಬಂದರೆ ಪ್ರತಿ ಜೋಡಿಗೆ 0.15ರ ದೋಷ. ಒಂದರಲ್ಲಿ ಕಾಣದ್ದು ಎಂಟರಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಆಮೇಲಿನ ತೊಂದರೆಗಳು ಸಣ್ಣವು. ಪೀಠದ ಕೆಳಗಿನ ಪಟ್ಟಿ ಮೇಜಿನ ಕಾಲುವೆಯಲ್ಲಿ ಸ್ವಲ್ಪ ಅಲ್ಲಾಡುತ್ತಿತ್ತು. ಗೂಟ ಪೀಠದ ಮೇಲಿರುವುದರಿಂದ ಪೀಠ ಅಲ್ಲಾಡಿದಷ್ಟೂ ಹಲ್ಲು ಹೆಚ್ಚುಕಡಿಮೆ. ಪಟ್ಟಿಯ ಪಕ್ಕಕ್ಕೆ ಟೇಪು ಅಂಟಿಸಿ ಆಟ ತೆಗೆದೆವು. ಕೊರೆದ ಮೇಲೆ, ತಿರುಗುತ್ತಿರುವ ಬಿಟ್ಟಿನ ಮೂಲಕವೇ ತುಂಡನ್ನು ಹಿಂದಕ್ಕೆ ಎಳೆದರೆ ಕಚ್ಚು ಅಗಲವಾಗುತ್ತದೆ. ತುಂಡನ್ನು ಬಿಟ್ಟಿನಿಂದ ಪೂರ್ತಿ ದಾಟಿಸಿ ಯಂತ್ರ ನಿಲ್ಲಿಸಿಯೇ ತೆಗೆಯಬೇಕು. ಕೆಲವು ಹಲ್ಲುಗಳು ಗಿಡ್ಡವಾಗಿ ಬರತೊಡಗಿದಾಗ ನೋಡಿದರೆ ತುಂಡಿನ ಅಡಿಗೆ ಹೊಟ್ಟು ಸಿಕ್ಕಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಆ ದಿನದಿಂದ ಮೇಜಿನ ಖಾಯಂ ನೌಕರ. ಮರುದಿನ ಬೆಳಗ್ಗೆ ಮತ್ತೆ ಆಳ ಕಡಿಮೆಯಾಗಿತ್ತು. ಸ್ಕೇಲನ್ನು ಮೇಜಿಗೆ ಅಡ್ಡಲಾಗಿ ಇಟ್ಟಾಗ ಅದರಡಿ ಬೆಳಕು ಕಂಡಿತು. ರೌಟರಿನ ಭಾರಕ್ಕೆ ಪ್ಲೈವುಡ್ ನಡುವೆ ಜಗ್ಗಿತ್ತು. ಅಡಿಯಿಂದ ಎರಡು ರೀಪು ಕೊಟ್ಟಮೇಲೆ ಸರಿಯಾಯಿತು.

ಈ ನಡುವೆ ನಮ್ಮೂರಿನ ಹಿರಿಯ ಆಚಾರಿಯೊಬ್ಬರು ಯಂತ್ರದ ಸದ್ದು ಕೇಳಿ ಒಳಬಂದರು. ಕೈ ನಡುಗುವುದರಿಂದ ಈಗ ಉಳಿ ಹಿಡಿಯುವುದಿಲ್ಲ. ಸ್ಟೂಲಿನ ಮೇಲೆ ಕೂತು, ಎಲೆಯಡಿಕೆ ಮೆಲ್ಲುತ್ತ, ನಮ್ಮ ಅಂಕಿಗಳ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಮೇಷ್ಟ್ರೇ, ಇಷ್ಟೆಲ್ಲ ಅಳೀತೀರಲ್ಲ. ನಾವು ಅಳೆಯೋದೇ ಇಲ್ಲ," ಎಂದರು. "ಒಂದು ಹಲಗೇಲಿ ಹಲ್ಲು ಕೊಯ್ಯೋದು. ಅದನ್ನೇ ಇನ್ನೊಂದರ ಮೇಲಿಟ್ಟು ಗೀರು ಹಾಕೋದು. ಗೀರು ಹೇಳಿದ ಕಡೆ ಉಳಿ."

"ಹಲ್ಲು ಸ್ವಲ್ಪ ಸೊಟ್ಟಗಾದ್ರೆ, ಆಚಾರ್ರೇ?" ಎಂದು ಅಳಿಯ ಕೇಳಿದ.

"ಆಗ್ಲಿ ಬಿಡು. ಅದರ ಜೊತೆಗಾರನೂ ಅಷ್ಟೇ ಸೊಟ್ಟಗಿರ್ತಾನಲ್ಲ."

ಆ ರಾತ್ರಿ ಈ ಮಾತನ್ನು ತುಂಬ ಹೊತ್ತು ಯೋಚಿಸಿದೆ. ಕೈಕೆಲಸದಲ್ಲಿ ಎರಡನೆಯದು ಮೊದಲನೆಯದನ್ನು ನೋಡಿ ಹುಟ್ಟುತ್ತದೆ. ಆದ್ದರಿಂದ ಪ್ರತಿ ಮೂಲೆಯೂ ತನ್ನಷ್ಟಕ್ಕೆ ಸರಿ, ಆದರೆ ಒಂದು ಪೆಟ್ಟಿಗೆಯ ಹಲಗೆ ಇನ್ನೊಂದಕ್ಕೆ ಕೂರದು. ಯಂತ್ರದಲ್ಲಿ ಎರಡೂ ಒಂದು ಸಂಖ್ಯೆಯನ್ನು ನೋಡಿ ಹುಟ್ಟುತ್ತವೆ. ಸಂಖ್ಯೆ ತಪ್ಪಿದರೆ 320ಕ್ಕೆ 320ವೂ ತಪ್ಪು, ಸರಿಯಾದರೆ ಯಾವ ಪೆಟ್ಟಿಗೆಯ ಹಲಗೆಯಾದರೂ ಯಾವುದಕ್ಕೂ ಕೂರುತ್ತದೆ. ನಮಗೆ ಆಚಾರ್ರ ದಾರಿ ಹೆಚ್ಚು ಸುಲಭವಾಗುತ್ತಿತ್ತು, ಹೆಚ್ಚು ಸುಂದರವೂ ಹೌದು. ಆದರೆ ಅಕ್ಕ "ಒಂದೇ ಸಮ" ಎಂದು ಎರಡು ಸಲ ಹೇಳಿದ್ದಳು.

ಹೋಗುವಾಗ ಅವರು ಹಲಸಿನ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಹಲಗೆಯೊಳಗೆ ಮುರಿದು ಉಳಿದ ಮೊಳೆಯಿದ್ದೀತು, ಅಯಸ್ಕಾಂತ ಹಿಡಿದು ನೋಡಿ ಎಂದರು. ಹಿಡಿದಾಗ ಒಂದು ನಿಜವಾಗಿಯೂ ಸಿಕ್ಕಿತು. ಅದು ಬಿಟ್ಟಿಗೆ ತಗುಲಿದ್ದರೆ ಬಿಟ್ಟೂ ಹೋಗುತ್ತಿತ್ತು, ತುಂಡೂ ಹೋಗುತ್ತಿತ್ತು. ನಾಲ್ಕು ತುಂಡುಗಳನ್ನು ಪಕ್ಕಕ್ಕೆ ಎತ್ತಿಟ್ಟು, "ಇವು ಭಾರ. ಒಣಗಿಲ್ಲ," ಎಂದರು. ಮನೆ ಇಳಿಸಿದ ಮೇಲೆ ಒಂದು ಹಲಗೆ ಹಿತ್ತಲಿನಲ್ಲಿ ಮಳೆಗೆ ಸಿಕ್ಕಿದ್ದುದು ನಿಜ.

ಉಳಿದ 16 ತುಂಡುಗಳನ್ನು ಕೊರೆಯಲು ಎರಡು ದಿನ ಹಿಡಿಯಿತು. ಹಲಸು ಸಿಲ್ವರ್ ಓಕಿನಷ್ಟು ಮೆದುವಲ್ಲ. ಒಂದೇ ಸಲ 12 ಮಿಲಿಮೀಟರ್ ಆಳ ಕೊರೆದರೆ ಬಿಟ್ಟು ಬಾಗಿ ಅಳತೆ ಕೆಡುತ್ತದೆಯಾದ್ದರಿಂದ, ಮೊದಲು ಎಲ್ಲ ತುದಿಗಳನ್ನೂ ಅರ್ಧ ಆಳಕ್ಕೆ, ಆಮೇಲೆ ಬಿಟ್ಟು ಏರಿಸಿ ಪೂರ್ತಿ ಆಳಕ್ಕೆ ಕೊರೆದೆವು. ಬಿಟ್ಟು ಹೊರಬರುವ ಕಡೆ ನಾರು ಕಿತ್ತುಬರದಂತೆ ಪ್ರತಿ ತುದಿಗೂ ಬೆನ್ನುಹಲಗೆಯಲ್ಲಿ ಹೊಸ ಆಸರೆ ತುಂಡು. ಹಳೆಯ ಕಂದು ಪದರದ ಕೆಳಗೆ ಹಲಸಿನ ಹಳದಿ ಬಣ್ಣ ಇನ್ನೂ ಹಾಗೆಯೇ ಇತ್ತು. ಆ ಮರದಿಂದ ವೀಣೆಯನ್ನೂ ಮೃದಂಗವನ್ನೂ ಮಾಡುತ್ತಾರೆ. ಮೊದಲ ಪೆಟ್ಟಿಗೆಯ ಮೂಲೆ ಕೂಡಿಸಿ ಬೆರಳಿನಿಂದ ತಟ್ಟಿದಾಗ ಅಳಿಯ ಕಿವಿಗೊಟ್ಟು ಕೇಳಿದ. ಅವನ ಅಜ್ಜಿಯ ಮನೆಯ ಅಟ್ಟ ಅದು. ಅವನೂ ಅಲ್ಲಿ ಬೇಸಿಗೆಯ ರಜೆ ಕಳೆದವನು.

ನಾಲ್ಕು ಪೆಟ್ಟಿಗೆಗಳು ಸಿದ್ಧವಾಗಿ, ಹೋಗಬೇಕಾದ ಮನೆಗಳಿಗೆ ಹೋಗಿವೆ. ಮಾತು ಬಿಟ್ಟಿದ್ದ ಇಬ್ಬರಿಗೂ ಒಂದೇ ದಿನ ತಲಪುವಂತೆ ನೋಡಿಕೊಂಡೆ. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ, "ನಿನ್ನದರ ಮುಚ್ಚಳ ಸರಿಯಾಗಿ ಕೂತಿದೆಯಾ?" ಎಂದು ಕೇಳಿದರಂತೆ. ಅಷ್ಟು ಮಾತ್ರ ನನಗೆ ತಿಳಿದದ್ದು. ಹೆಚ್ಚು ಕೇಳಲು ಹೋಗಲಿಲ್ಲ.

ಐದನೆಯದು ನನ್ನ ಪಾಲಿನದು. ಹಸಿ ಮರವನ್ನು ಈಗಲೇ ಕೊರೆದರೆ ಒಣಗುವಾಗ ಅದು ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಲ್ಲವೇ ಅಲ್ಲವೆನ್ನುವಷ್ಟು ಕಡಿಮೆ. ಹಲ್ಲಿನ ಸಾಲು ಇರುವುದು ಅಗಲದಲ್ಲಿಯೇ. ಎಲ್ಲ ತುಂಡುಗಳೂ ಒಂದೇ ಹದಕ್ಕೆ ಕುಗ್ಗುವವೆಂಬ ಭರವಸೆಯಿಲ್ಲ. ಆದ್ದರಿಂದ ಆ ನಾಲ್ಕನ್ನೂ ನಡುವೆ ಕಡ್ಡಿಗಳನ್ನಿಟ್ಟು, ಗಾಳಿಯಾಡುವಂತೆ ನನ್ನ ಕೋಣೆಯ ಕಪಾಟಿನ ಮೇಲೆ ಪೇರಿಸಿದ್ದೇನೆ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ನಾಲ್ಕನ್ನೂ ಒಟ್ಟಿಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ: 768 ಗ್ರಾಂ, 755, 747, 743. ಸತತ ಮೂರು ಭಾನುವಾರ ತೂಕ ಬದಲಾಗದೆ ನಿಂತಾಗ ಅಳಿಯನಿಗೆ ಬರಲು ಹೇಳಿದ್ದೇನೆ. ಜಿಗ್ಗಿನ ಬೆನ್ನುಹಲಗೆಯ ಸ್ಕ್ರೂವನ್ನು ಅಲ್ಲಿಯವರೆಗೆ ಯಾರೂ ಮುಟ್ಟಬಾರದೆಂದು ಅದರ ಮೇಲೆ ಚೀಟಿ ಅಂಟಿಸಿದ್ದಾನೆ.